ಶನಿವಾರ ಮಾತ್ರ ಎಳೆಯದ ಕಾರು

ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ ಲಿಖಿತ್‌ಗೆ ಒಳಗೆ ಹಳೆ ಸೀರೆಯ ತುಂಡೊಂದು ಸಿಕ್ಕಿತು. ರಿಪ್ಪನ್‌ಪೇಟೆಯಲ್ಲಿ ಗ್ಯಾರೇಜು ಇಟ್ಟ ಒಂಬತ್ತು ವರ್ಷಗಳಲ್ಲಿ ಅವನು ಕಾರುಗಳೊಳಗೆ ಇಲಿಯ ಗೂಡು ಕಂಡಿದ್ದ, ಒಮ್ಮೆ ಹಾವಿನ ಪೊರೆಯನ್ನೂ ಕಂಡಿದ್ದ. ಆದರೆ ಯಾವ ಇಲಿಯೂ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಡುವುದಿಲ್ಲ.

"ಏನ್ ಸಿಕ್ತು?" ಕಾರಿನ ಒಡತಿ ತನುಜಾ ಬಾನೆಟ್ಟಿನ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು.

"ಬಟ್ಟೆ. ಇಂಜಿನ್‌ಗೆ ಉಸಿರಾಡಕ್ಕೇ ಜಾಗ ಇರ್ಲಿಲ್ಲ. ಪಿಕಪ್ ಎಲ್ಲಿಂದ ಬರ್ಬೇಕು?"

"ಮೊದ್ಲು ಇದನ್ನೇ ಬಿಚ್ಚಿದ್ರಲ್ಲ, ಹೆಂಗ್ ಗೊತ್ತಾಯ್ತು ನಿಮ್ಗೆ?"

ಹೊಗೆ ಕಪ್ಪಗೆ ಬರುತ್ತಿತ್ತು, ಅದಕ್ಕೆ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಲಿಖಿತ್ ಹತ್ತು ನಿಮಿಷ ಹೇಳಿದ. ಅವಳು ಹಾಗೆ ಕೇಳಿದಾಗಲೆಲ್ಲ ಅವನಿಗೆ ಹಾಲು ಕುಡಿದಷ್ಟು ಸಂತೋಷ.

ಇದು ಐದನೆಯ ಶನಿವಾರ. ಹೊಸನಗರದಿಂದ ಹಳೆಯ ಬಿಳಿ ಕಾರಿನಲ್ಲಿ ಬರುವುದು, "ಗಾಡಿ ಎಳೀತಿಲ್ಲ ನೋಡಿ" ಎನ್ನುವುದು. ಮೊದಲ ವಾರ ಹಿಂದಿನ ಚಕ್ರದ ಬ್ರೇಕು ಹಿಡಿದುಕೊಂಡೇ ಇತ್ತು. ಎರಡನೆಯ ವಾರ ನಾಲ್ಕೂ ಟಯರಿನಲ್ಲಿ ಗಾಳಿ ಅರ್ಧಕ್ಕರ್ಧ ಇಳಿದಿತ್ತು, ಅದೂ ನಾಲ್ಕರಲ್ಲೂ ಒಂದೇ ಸಮ. ಆಮೇಲೆ ಒಂದು ಪ್ಲಗ್ಗಿನ ವಯರು ಸಡಿಲ. ಕಳೆದ ವಾರ ಆಕ್ಸಿಲರೇಟರ್ ಕೇಬಲ್ಲು ಎಷ್ಟು ಜೋಲು ಬಿದ್ದಿತ್ತೆಂದರೆ ಪೆಡಲನ್ನು ಪೂರ್ತಿ ತುಳಿದರೂ ಇಂಜಿನ್ನಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಈಗ ನಾಲ್ಕು ಮಡಿಕೆಯ ಸೀರೆ. ಇದು ತಾನಾಗಿ ಕೆಟ್ಟದ್ದಲ್ಲ, ಯಾರೋ ಕೆಡಿಸಿದ್ದು. ತನುಜಾಳ ಮನೆಯಲ್ಲಿ ಇರುವವರು ಇಬ್ಬರೇ. ತಾಯಿ ವಿಶಾಲಮ್ಮನಿಗೆ ಬಾನೆಟ್ ತೆಗೆಯಲೂ ಬಾರದು. ಉಳಿದವಳು ಒಬ್ಬಳು.

"ಇಷ್ಟ್ ದೂರ ಯಾಕ್ ಬರ್ತೀರಿ? ಹೊಸನಗರದಲ್ಲಿ ಗ್ಯಾರೇಜ್ ಇಲ್ವಾ?" ಎಂದು ಅವನು ಮೆಲ್ಲಗೆ ಕೆದಕಿದ.

"ಅಲ್ಲಿ ಯಾರೂ ಹತ್ರ ನಿಲ್ಲಕ್ಕೇ ಬಿಡಲ್ಲ. ಹೆಣ್ಮಕ್ಳು ಆ ಕುರ್ಚಿ ಮೇಲೆ ಕೂತ್ಕಳಿ ಅಂತಾರೆ. ನೀವ್ ಹಂಗಲ್ಲ."

ಲಿಖಿತ್‌ಗೆ ಇಷ್ಟು ಸಾಕಾಯಿತು. ಹತ್ತಿರ ನಿಲ್ಲಬೇಕಂತೆ! ಅವಳು ಒಮ್ಮೆಯೂ ಅವನ ಮುಖವನ್ನು ನೇರ ನೋಡಿದವಳಲ್ಲ, ಅವನ ಕೈಯನ್ನೇ ನೋಡುತ್ತಿದ್ದಳು. ನಾಚಿಕೆ, ಪಾಪ. ಹೊರಡುವಾಗ ಇಂಜಿನ್ನಿನ ಫೋಟೊ ತೆಗೆದುಕೊಳ್ಳುವಳು, ಅವನೂ ಅರ್ಧ ಅದರಲ್ಲಿ ಬೀಳುತ್ತಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅಂತಾರಲ್ಲ, ಲಿಖಿತ್‌ಗೆ ಕಂಡದ್ದೆಲ್ಲ ಪ್ರೀತಿ.

ಪಕ್ಕದ ಚಹಾದಂಗಡಿಯ ಕೆರಿಯಮ್ಮ ಲೋಟ ತಂದಿಟ್ಟು ಕಣ್ಣು ಕಿರಿದು ಮಾಡಿದಳು. "ತಮ್ಮಾ, ಐದು ವಾರ ಆತು. ಪಿಕಪ್ ಇಲ್ದಿದ್ದು ಆ ಗಾಡಿಗಾ, ನಿಂಗಾ? ಬಾಯ್ಬಿಟ್ ಕೇಳಾ ಮಾರಾಯಾ."

ತಾನೇ ಕೇಳಿದರೆ ಏನು ಚೆನ್ನ? ಹಿರಿಯರು ಹೋಗಿ ಕೇಳುವುದು ಪದ್ಧತಿ. ಅವನು ಆ ಸಂಜೆಯೇ ತೀರ್ಥಹಳ್ಳಿಯ ಅಕ್ಕ ಶಾಂತಮ್ಮನಿಗೆ ಫೋನು ಮಾಡಿದ. "ಅಕ್ಕಾ, ಮುಂದಿನ ಭಾನುವಾರ ಹೊಸನಗರಕ್ಕೆ ಹೋಗಿ ಬರನಾ. ನೀನೇ ಮಾತಾಡ್ಬೇಕು." ಮೂವತ್ತೊಂದು ವರ್ಷದ ತಮ್ಮ ಕೊನೆಗೂ ಬಾಯಿ ಬಿಟ್ಟನೆಂದು ಅಕ್ಕ ಅತ್ತೇಬಿಟ್ಟಳು. ಲಿಖಿತ್ ಸಾಗರಕ್ಕೆ ಹೋಗಿ ಅಂಗಿ ತಂದ. ವಾರವಿಡೀ ಮನಸ್ಸಿನಲ್ಲೇ ಮಂಡಿಗೆ ತಿಂದ; ಎದುರಿನ ಖಾಲಿ ಮಳಿಗೆಗೆ ಯಾರೋ ಸುಣ್ಣ ಹೊಡೆಸುತ್ತಿದ್ದುದೂ ಅವನ ಕಣ್ಣಿಗೆ ಬೀಳಲಿಲ್ಲ.

ಶನಿವಾರ ಬಂತು. ಬಿಳಿ ಕಾರು ರಸ್ತೆಯ ಏರನ್ನು ಸರ್ರನೆ ಹತ್ತಿ ಬಂದು ನಿಂತಿತು. ಸದ್ದು ಕೇಳಿಯೇ ಅವನಿಗೆ ಗೊತ್ತಾಯಿತು, ಇವತ್ತು ಗಾಡಿಗೆ ಏನೂ ಆಗಿಲ್ಲ. ಹಾಗಾದರೆ ನೆಪ ಸಾಕು ಎಂದು ಅವಳೂ ನಿರ್ಧರಿಸಿದ್ದಾಳೆ!

ತನುಜಾ ರೇಷ್ಮೆ ಸೀರೆಯಲ್ಲಿ ಇಳಿದಳು. ಹಿಂದೆಯೇ ವಿಶಾಲಮ್ಮ, ಕೈಯಲ್ಲಿ ಕುಂಕುಮ, ಅಕ್ಷತೆಯ ತಟ್ಟೆ. ತಟ್ಟೆಯಲ್ಲಿ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಲಕೋಟೆ.

ಲಿಖಿತ್‌ನ ಕೈಯಿಂದ ಸ್ಪ್ಯಾನರ್ ಜಾರಿತು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಅರಿಶಿನದ ಮೂಲೆಯ ಅರ್ಥ ಹೇಳಿಕೊಡಬೇಕೆ?

"ಊರಿಗೆಲ್ಲ ಹಂಚೋ ಮೊದ್ಲು ನಿಮ್ಗೇ ಕೊಡ್ಬೇಕು ಅಂತ ಇವ್ಳ ಹಟ," ಎಂದರು ವಿಶಾಲಮ್ಮ. "ನೀವಿಲ್ದಿದ್ರೆ ಇದು ಆಗ್ತಿರ್ಲಿಲ್ಲ ಅಂತಾಳೆ. ಬರೋ ಗುರುವಾರ. ನೀವೇ ಮುಂದ್ ನಿಂತು ನಡೆಸಿಕೊಡ್ಬೇಕು."

"ಆಯ್ತು, ಬರ್ತೀನಿ," ಎಂದ. ಹುಡುಗ ಯಾರು ಎಂದು ಕೇಳಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ತನುಜಾ ಬಗ್ಗಿ ಅವನ ಕಾಲಿಗೆ ನಮಸ್ಕಾರ ಮಾಡಿಬಿಟ್ಟಳು. ಮದುವೆ ಗೊತ್ತಾದ ಹುಡುಗಿಯರು ಹಿರಿಯರಿಗೆ ಹೀಗೆ ಮಾಡುವುದುಂಟು. ಇಷ್ಟು ಬೇಗ ತಾನು ಹಿರಿಯನಾದೆನೆ? ನೋವಿನ ಮೇಲೆ ಅವಮಾನ.

ಕಾರು ಹೋಯಿತು. ಅಕ್ಕನಿಗೆ ಏನು ಹೇಳುವುದೆಂದು ಯೋಚಿಸುತ್ತ ಅವನು ಕುಕ್ಕರುಗಾಲಲ್ಲಿ ಕುಳಿತ. ಕೆರಿಯಮ್ಮ ಬಂದು, ಅವನು ಬಿಚ್ಚದೆ ಪಕ್ಕಕ್ಕಿಟ್ಟಿದ್ದ ಲಕೋಟೆಯನ್ನು ಅವನ ಕೈಗೇ ತುರುಕಿದಳು.

"ನಂಗ್ ಅಕ್ಷರ ಕಾಣಲ್ಲ. ಗಂಡು ಯಾವೂರಂತೆ, ಓದಾ."

ಲಿಖಿತ್ ಓದಿದ. "ತನುಜಾ ಮೋಟಾರ್ ವರ್ಕ್ಸ್, ಪ್ರಾರಂಭೋತ್ಸವ. ಪಿಕಪ್ ಇಲ್ಲದ ಕಾರುಗಳನ್ನು ಸರಿಪಡಿಸುವುದು ನಮ್ಮ ವಿಶೇಷ. ಸ್ಥಳ: ರಿಪ್ಪನ್‌ಪೇಟೆ, ಲಿಖಿತ್ ಗ್ಯಾರೇಜಿನ ಎದುರು. ಉದ್ಘಾಟನೆ: ಐದು ಶನಿವಾರಗಳಲ್ಲಿ ನನಗೆ ಈ ವಿದ್ಯೆ ಕಲಿಸಿದ ಪೂಜ್ಯ ಗುರುಗಳು, ಶ್ರೀ ಲಿಖಿತ್ ಅವರಿಂದ."