ಮುಳ್ಳು ತಪ್ಪಿದ ನಕ್ಷೆ

"ಈ ಸಲಾನೂ ಕೂಡ್ಲಿಲ್ಲ," ಎಂದು ಪ್ರೊಫೆಸರ್ ನಕ್ಷೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು.

ಗುಹೆಯ ಬಾಯಿಂದ ಹೊರಟ ಗೆರೆ ದೊಡ್ಡ ಕಂಬವನ್ನು ಸುತ್ತಿ, ತೆವಳಿ ದಾಟುವ ಕಿಂಡಿ ಹಾದು, ಹೊರಟಲ್ಲಿಗೇ ಬಂದು ಸೇರಬೇಕು. ಕಾಗದದ ಮೇಲೆ ಅದು ಎಲ್ಲೋ ಬಂಡೆಯೊಳಗೆ ಹೋಗಿ ನಿಂತಿತ್ತು.

"ನೆಲದಡಿ ನೀರು ಯಾವ ಕಡೆ ಹರಿಯುತ್ತೆ ಅಂತ ಈ ನಕ್ಷೆ ನೋಡಿ ನಾನು ಹೇಳ್ಬೇಕು. ಇನ್ನೊಂದು ಸಲ ಅಳೀರಿ. ಆಗ್ಲಿಲ್ಲ ಅಂದ್ರೆ ಬೇರೆ ತಂಡಕ್ಕೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ನೋಡುತ್ತ ಅರ್ಧ ಆಯಸ್ಸು ಕಳೆದವಳು. ಹಗ್ಗ ಹಿಡಿದು ಇಳಿಯುವುದನ್ನು, ಕತ್ತಲಲ್ಲಿ ದಿಕ್ಸೂಚಿ ಓದುವುದನ್ನು ಈ ವಯಸ್ಸಿನಲ್ಲಿ ಕಲಿತಿದ್ದಳು. ನಕ್ಷೆಯ ಮೂಲೆಯಲ್ಲಿ ತನ್ನ ಹೆಸರು ಬರುತ್ತದೆ ಎಂಬ ಒಂದೇ ಆಸೆಗೆ ಮೊಣಕೈ ಮೊಣಕಾಲು ತರಚಿಕೊಂಡಿದ್ದಳು. ಬೇಸಿಗೆಯ ಅಭ್ಯಾಸದಲ್ಲಿ ಅವಳ ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚಳಿ ಬಿದ್ದು ನಿಜವಾದ ಅಳತೆ ಶುರುವಾದದ್ದೇ ತಡ, ಎಲ್ಲ ಎಕ್ಕುಟ್ಟಿ ಹೋಗಿತ್ತು.

ದಿಕ್ಸೂಚಿ ಓದುವವಳು ಅವಳು. ಟೇಪಿನ ಇನ್ನೊಂದು ತುದಿ ಹಿಡಿದು ಅಂಕಿ ಬರೆದುಕೊಳ್ಳುವವನು ಬಾವಲಿ. ಶಾಲಾ ಬಸ್ಸಿನ ಡ್ರೈವರ್. ಗುಹೆಯನ್ನು ಮೊದಲು ಕಂಡವನೂ ಅವನೇ. ಆ ಅಡ್ಡಹೆಸರು ಬಂದದ್ದೂ ಅದಕ್ಕೇ. "ನನ್ನ ಗುಹೆ" ಎನ್ನುತ್ತಿದ್ದ. ಇಷ್ಟು ದಿನ ಅದನ್ನು ತಮಾಷೆ ಎಂದುಕೊಂಡಿದ್ದಳು.

ಮನೆಗೆ ಬಂದಾಗ ಗಂಡ ಚಹಾ ಕಾಯಿಸಿಟ್ಟು ಕಾಯುತ್ತಿದ್ದ. ದರ್ಜಿ. ಬೇರೆ ಗಂಡಸಾಗಿದ್ದರೆ ಗುಹೆಯ ಮಾತಿಗೇ ಕಿಡಿಕಾರುತ್ತಿದ್ದ. ಇವನು ಹೆಂಡತಿಗೆ ಚಳಿ ತಾಗದಿರಲೆಂದು ದಪ್ಪ ಜಾಕೆಟ್ ತಾನೇ ಹೊಲಿದು ಕೊಟ್ಟಿದ್ದ. ಅದಕ್ಕೆ ಮೆತ್ತಿದ ಕೆಸರನ್ನೂ ಅವಳಿಗೆ ಒರೆಸಲು ಬಿಡುತ್ತಿರಲಿಲ್ಲ. ತನ್ನ ಅಂಗಡಿಗೆ ಒಯ್ದು, ಹೊಲಿಗೆ ಬಿಟ್ಟಲ್ಲಿ ಸರಿಮಾಡಿ, ಮರುದಿನ ತಂದು ಗೂಟಕ್ಕೆ ನೇತುಹಾಕುತ್ತಿದ್ದ.

"ಅಂಕಿ ಬರೆಯೋನು ಅವನೇ ಅಲ್ವಾ?" ಎಂದು ಲೋಟ ಅವಳ ಮುಂದಿಟ್ಟ. "ವಾಪಸ್ ಬರೋವಾಗ ಹೊಳೆ ದಂಡೇಲಿ ಕೂತು ಅಷ್ಟು ಹೊತ್ತು ಹರಟೆ ಹೊಡೆಯೋನಿಗೆ ಕೆಲಸದ ಮೇಲೆ ಗಮನ ಎಲ್ಲಿರುತ್ತೆ? ನಾನೇನೂ ಹೇಳಲ್ಲಪ್ಪ. ನೀನೇ ಯೋಚ್ನೆ ಮಾಡು."

ಆ ಮಾತು ತಲೆಯಲ್ಲಿ ಹುಳ ಬಿಟ್ಟಿತು. ಅವಳನ್ನು ಸೋಲಿಸಿ ಗುಹೆಯನ್ನು ತಾನೊಬ್ಬನೇ ಉಳಿಸಿಕೊಳ್ಳುವ ಹುನ್ನಾರವೇ ಇದು?

ಮೂರನೇ ಸಲ ಒಳಗಿಳಿದರು. ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಅತ್ತ ವಾಲುತ್ತದೆಂದು ಗಡಿಯಾರ, ಬೀಗದ ಕೈ ಎಲ್ಲವನ್ನೂ ಎಂದಿನಂತೆ ಹೊರಗೇ ಬಿಟ್ಟಿದ್ದರು. ಕಿಂಡಿಯ ಹತ್ತಿರ ಅವಳು ಅವನ ಕೈಯಿಂದ ಹಾಳೆ ಕಿತ್ತುಕೊಂಡಳು.

"ನಾನು ಹೇಳಿದ್ದು ಇದಲ್ಲ."

"ನೀವು ಹೇಳಿದ್ದನ್ನೇ ಬರೆದಿದ್ದೀನಿ ಅಕ್ಕಾ. ನಿಮ್ಮ ಹತ್ರ ಏನಾದ್ರೂ ಕಬ್ಬಿಣ ಉಳಿದಿದ್ಯಾ, ನೋಡ್ಕೊಳ್ಳಿ."

"ನನ್ನ ಹತ್ರ ಏನಿರುತ್ತೆ? ಒಡಹುಟ್ಟಿದ ತಮ್ಮನ ಹಾಗೆ ನಂಬಿದ್ದೆ. ಬೆನ್ನಿಗೆ ಚೂರಿ ಹಾಕ್ದೆ ನೀನು."

ಬಾವಲಿ ಹಾಳೆಯನ್ನು ಅವಳ ಕೈಯಲ್ಲೇ ಬಿಟ್ಟ. ಆಮೇಲೆ ಟೇಪು ಸುತ್ತಿಟ್ಟು ತೆವಳತೊಡಗಿದ. "ನೀವು ಮೇಲೆ ಬರೋವರೆಗೂ ಹಗ್ಗ ಹಿಡ್ಕೊಂಡಿರ್ತೀನಿ," ಎಂದಷ್ಟೇ ಹೇಳಿದ. ಹಾಗೆಯೇ ಹಿಡಿದುಕೊಂಡಿದ್ದ. ಅವಳು ಮೇಲೆ ಬಂದ ಮೇಲೆ ಹಿಂದಿರುಗಿ ನೋಡದೆ ಹೋದ.

ಎರಡು ದಿನ ಬಿಟ್ಟು ಗಂಡನಿಗೆ ಕನ್ನಡಕದಂಗಡಿಗೆಂದು ಹೇಳಿ ಮೈದಾನಕ್ಕೆ ಹೋದಳು. ತನ್ನ ಓದು ಸರಿ, ಅವನ ಬರಹ ಸುಳ್ಳು ಎಂದು ತನಗೇ ಖಾತರಿಯಾಗಬೇಕಿತ್ತು. ಬಿಸಿಲಿತ್ತು. ಜಾಕೆಟನ್ನು ದೂರದ ಕೊಂಬೆಗೆ ನೇತುಹಾಕಿ, ಬೀಗದ ಕೈ, ಫೋನನ್ನೂ ಆ ಮರದ ಬುಡದಲ್ಲೇ ಇಟ್ಟು, ನೀರಿನ ಟ್ಯಾಂಕಿನ ಕಡೆ ದಿಕ್ಸೂಚಿ ಹಿಡಿದಳು. ಎಷ್ಟು ಸಲ ಓದಿದರೂ ಅದೇ ಅಂಕಿ. ಸಮಾಧಾನವಾಯಿತು.

ಅಷ್ಟರಲ್ಲಿ ಮೋಡ ಕವಿದು ಗಾಳಿ ಎದ್ದಿತು. ಜಾಕೆಟ್ ತೊಟ್ಟು, ಕೊನೆಯದಾಗಿ ಒಮ್ಮೆ ಓದಿದಳು. ಅಂಕಿ ಬೇರೆ ಬಂತು. ಜಾಕೆಟ್ ಕಳಚಿ ದೂರ ಎಸೆದಳು. ಮುಳ್ಳು ಮೊದಲಿನ ಜಾಗಕ್ಕೆ ಮರಳಿತು.

ಜಾಕೆಟ್ ಎತ್ತಿಕೊಂಡು ಹೋಗಿ ಮರದ ಬುಡದಲ್ಲಿ ಕೂತಳು. ತಡವಿ ನೋಡಿದರೆ ಎದೆಯ ಭಾಗದಲ್ಲಿ, ಹತ್ತಿಯ ನಡುವೆ, ಏನೋ ಗಟ್ಟಿ. ಉಗುರು ತೂರದಷ್ಟು ಒತ್ತಾದ ಹೊಲಿಗೆ; ಹಲ್ಲಿನಿಂದ ಕಚ್ಚಿ ಹರಿದಳು. ಬೆಂಕಿಪೊಟ್ಟಣದಷ್ಟು ಕಪ್ಪು ಪೆಟ್ಟಿಗೆಯೊಂದು ಜಾರಿ ಬಂದು, ನೆಲದಲ್ಲಿದ್ದ ಬೀಗದ ಕೈಗೆ ಟಕ್ಕನೆ ಅಂಟಿಕೊಂಡಿತು. ಹಿಂಬದಿಯಲ್ಲಿ ಆಯಸ್ಕಾಂತ. ಮೂಲೆಯಲ್ಲಿ ಹಸಿರು ದೀಪ ಮಿನುಗುತ್ತಿತ್ತು.

ಅಂಥದ್ದನ್ನು ಅವಳು ನೋಡಿದ್ದಳು. ಬಾವಲಿಯ ಬಸ್ಸಿನಡಿಗೆ ಅಂಟಿಸಿದ್ದರು. ಬಸ್ಸು ಎಲ್ಲಿದೆ ಎಂದು ಮಕ್ಕಳ ತಂದೆತಾಯಿ ಫೋನಿನಲ್ಲೇ ನೋಡುತ್ತಿದ್ದರು. ಎಲಾ ಬಾವಲಿ, ನನ್ನನ್ನು ಸೋಲಿಸಲು ಇಷ್ಟಕ್ಕೂ ಇಳಿದನೇ? ಪ್ರೊಫೆಸರರಿಗೆ ಎಲ್ಲ ಹೇಳಿಬಿಡಬೇಕೆಂದು ಫೋನ್ ತೆಗೆದಳು. ಅದೇ ಹೊತ್ತಿಗೆ ಅದು ರಿಂಗಾಯಿತು. ಗಂಡ.

"ಅಂಗಡಿಗೆ ಅಂತ ಹೋದವಳು ಆಗಿನಿಂದ ಮೈದಾನದಲ್ಲೇ ಇದ್ದೀಯಲ್ಲ," ಎಂದ ಅವನು, ಎಂದಿನ ಮೆತ್ತಗಿನ ದನಿಯಲ್ಲಿ. "ಅವನೂ ಜೊತೆಗಿದ್ದಾನಾ?"