ಬಾಯಿಮಾತಿನ ಬಸ್ಸು

“ಆಳೋ ಪಾರ್ಟಿ ಕಡಿ ಯಾವಾಗ ಹೋಗ್ತೀರಿ? ಅದೊಂದು ಹೇಳಿಬಿಡ್ರಿ, ಎಮ್ಮೆಲ್ಯೇ ಸಾಹೇಬ್ರ.”

ಭಾನುಪ್ರಕಾಶ ಕೂರಲೇ ಇಲ್ಲ. ಅವನು ವಿರೋಧ ಪಕ್ಷದ ಜಿಲ್ಲಾಧ್ಯಕ್ಷ. ನಾರಾಯಣಪೇಟೆಯಿಂದ ನಾರ್ವಕ್ಕೆ ಇದನ್ನು ಕೇಳಲೆಂದೇ ಬಂದಿದ್ದ. ಅದೇ ಪಕ್ಷದ ಶಾಸಕ ಮಹಾಂತಯ್ಯ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಆರಿದ ಚಹಾ ನೋಡುತ್ತಿದ್ದರು.

ಅಧ್ಯಕ್ಷನ ಕೈಯಲ್ಲಿ ಹೈದರಾಬಾದಿನ ವಿಧಾನಸಭೆಯ ದಾಖಲೆಯಿತ್ತು. ಅದರಲ್ಲಿ ಕಳಂಕವೇನೂ ಇರಲಿಲ್ಲ. ಟಿಕೆಟ್ ದರ ಏರಿಕೆಗೆ ಮಹಾಂತಯ್ಯ ವಿರುದ್ಧ ಮತ. ನಷ್ಟದ ಮಾರ್ಗ ಮುಚ್ಚುವ ನೀತಿಗೆ ವಿರುದ್ಧ. ಸಾರಿಗೆ ಇಲಾಖೆಯ ಅನುದಾನದ ಬೇಡಿಕೆಗಳಿಗೂ ವಿರುದ್ಧ. ಜೊತೆಗೆ ಪ್ರತಿ ಅಧಿವೇಶನದಲ್ಲೂ ಒಂದೇ ಹಟದ ಪ್ರಶ್ನೆ: ನಾರ್ವದಿಂದ ಗದ್ವಾಲಕ್ಕೆ ಬೆಳಗಿನ ಬಸ್ಸು ಯಾವಾಗ?

ಕಳೆದ ಅಧಿವೇಶನದ ನಡುವೆ ಬಸ್ಸು ಬಂದೇ ಬಂತು. ಅಂದಿನಿಂದ ಶಾಸಕರ ಬಾಯಿ ಬಿದ್ದುಹೋಯಿತು. ಸಾರಿಗೆಯ ಮೇಲೆ ಆಮೇಲೆ ಒಂದು ಪ್ರಶ್ನೆಯೂ ಇಲ್ಲ. ಕೇಳಲು ಸರದಿ ಬಂದಿದ್ದ ಪ್ರಶ್ನೆಯನ್ನೂ ತಾವೇ ವಾಪಸ್ಸು ಪಡೆದಿದ್ದರು. ಇದಕ್ಕೂ ಅದಕ್ಕೂ ಗಂಟು ಹಾಕಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಭಾನುಪ್ರಕಾಶನಿಗೆ ಇದ್ದಷ್ಟು ಸಾಕಿತ್ತು.

“ನಮ್ಮ ಪಾರ್ಟಿಯವ್ರು ಗೆದ್ದ ಊರಿಗೆಲ್ಲ ಬಸ್ ಕಡಿಮಿ ಮಾಡ್ಯಾನ ಆ ಸಾರಿಗಿ ಮಂತ್ರಿ. ನಿಮ್ಮ ಊರಿಗೆ ಮಾತ್ರ ಹೊಸಾದು ಬಿಟ್ಟಾನ. ಯಾಕ?”

ಮಹಾಂತಯ್ಯ ಉತ್ತರಿಸುವ ಮುಂಚೆ ಹಂಪಮ್ಮ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೈಚೀಲ. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಗದ್ವಾಲದ ಆಸ್ಪತ್ರೆಗೆ ರಕ್ತ ಶುದ್ಧಿಗೆ ಹೋಗಬೇಕು. ಬಸ್ಸಿಲ್ಲದ ದಿನಗಳಲ್ಲಿ ಸರದಿ ತಪ್ಪಿ, ಮುಖ ಬಾತು, ಉಸಿರಿಗೆ ಒದ್ದಾಡಿದ್ದನ್ನು ಓಣಿಯವರೆಲ್ಲ ಕಂಡಿದ್ದರು. ಈಗ ತಾನೇ ನಡೆದು ಬಂದು ಬಸ್ಸು ಹತ್ತುತ್ತಾಳೆ.

“ಅಣ್ಣಾರ, ಹೋಗಿ ಬರ್ತೀನ್ರಿ.”

“ಏನಮ್ಮಾ, ಈ ಬಸ್ ಯಾರು ಬಿಟ್ಟಾರ?” ಭಾನುಪ್ರಕಾಶ ತಡೆದು ಕೇಳಿದ.

“ಮಂತ್ರಿನ ಬಿಟ್ಟಾನ್ರಿ. ಅಣ್ಣಾರು ಸಭಾದಾಗ ಕೇಳಿದ್ದಕ್ಕ ಎದ್ದು ನಿಂತು ‘ಬಸ್ ಚಾಲು’ ಅಂದನಂತ. ನಮ್ಮ ಡಿಪೋ ಶರಣಬಸವ ಟೀವಿಯಾಗ ತಾನೇ ಕೇಳ್ಯಾನ. ಮರುದಿನಾನ ಗಾಡಿ ಬಂತ್ರಿ. ಅಣ್ಣಾರ ಪುಣ್ಯದಿಂದ ಜೀವ ಐತಿ ನೋಡ್ರಿ.”

ಅವಳು ಹೋದ ಮೇಲೆ ಭಾನುಪ್ರಕಾಶ ನಕ್ಕ. ಒಳ್ಳೆಯ ನಗುವಲ್ಲ ಅದು.

“ಆ ಮಂತ್ರಿ ಸಿಟ್ಟು ಬಂದ್ರ ಎರಡೆರಡು ಭಾಷಾದಾಗ ಬೈಯೋ ಮನಷ್ಯಾ. ನೀವು ಬಾಯಿ ತೆಗೆದ್ರ ಉರಿದು ಬೀಳ್ತಿದ್ದ. ಅವ ನಿಮಗ ಬಾಯಿಮಾತಿನಾಗ ಬಸ್ ಕೊಟ್ಟನಾ? ಒಳಗ ಏನು ಮಾತಾತು?”

“ಏನೂ ಆಗಿಲ್ಲ.”

“ಸರೇ. ಸೋಮವಾರ ಸದನದಾಗ ಎದ್ದು ಕೇಳ್ರಿ: ಈ ಬಸ್ ಯಾರ ಹುಕುಂ ಮ್ಯಾಲ ಬಿಟ್ಟೀರಿ ಅಂತ. ಮಂತ್ರಿ ತಡವರಿಸ್ಲಿ. ನೀವು ಚೊಕ್ಕ ಅಂತ ನಾನೇ ಡಂಗುರ ಹೊಡಸ್ತೀನಿ. ಕೇಳಲಿಲ್ಲಾ, ಪಾರ್ಟಿಯಿಂದ ಹೊರಗ.”

ಮಹಾಂತಯ್ಯ ನಿಜ ಹೇಳಿಬಿಡಬಹುದಿತ್ತು. ಭಾನುಪ್ರಕಾಶ ಕೆಟ್ಟವನಲ್ಲ. ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇಲ್ಲಿ ಹೇಳಿದ್ದು ಅವನು ಮಕ್ತಲ ದಾಟುವುದರೊಳಗೆ ಪತ್ರಿಕೆಯವರಿಗೆ ಮುಟ್ಟಿರುತ್ತದೆ. ನಿಜ ಹೊರಬಿದ್ದರೆ ಬಸ್ಸು ನಿಲ್ಲುತ್ತದೆ, ಅದರಲ್ಲಿ ಅವರಿಗೆ ಸಂಶಯವಿರಲಿಲ್ಲ.

“ಕೇಳಂಗಿಲ್ಲ,” ಎಂದರು.

“ಅಂದ್ರ ಮಾರಿಕೊಂಡೀರಿ.”

“ಹಂಗ ತಿಳಕೋರಿ. ಬಸ್ ಓಡ್ಲಿ.”

ಸೋಮವಾರ ಸದನದಲ್ಲಿ ಸಾರಿಗೆ ಪ್ರಶ್ನೆಗಳು ಬಂದವು, ಹೋದವು. ಮಹಾಂತಯ್ಯ ಏಳಲಿಲ್ಲ. ಆಚೆ ಸಾಲಿನಲ್ಲಿದ್ದ ಮಂತ್ರಿಯ ಕಣ್ಣು ತಮ್ಮ ಮೇಲೆ ಬಿದ್ದಾಗ ತಲೆ ತಗ್ಗಿಸಿದರು. ಅದನ್ನೂ ಪಕ್ಷದವರು ನೋಡಿದರು. ಆಮೇಲೆ ಮಾರ್ಗ ಮುಚ್ಚುವ ಇನ್ನೊಂದು ಪ್ರಸ್ತಾವ ಮತಕ್ಕೆ ಬಂದಾಗ ಎಂದಿನಂತೆ ವಿರುದ್ಧವಾಗಿ ಕೈಯೆತ್ತಿದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಉಚ್ಚಾಟನೆಯ ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ಮಕ್ತಲದಲ್ಲಿ ಅವರ ಚಿತ್ರಕ್ಕೆ ಚಪ್ಪಲಿ ಹಾರ ಬಿದ್ದಿತ್ತು. ಚುನಾವಣೆಯಲ್ಲಿ ಅವರಿಗಾಗಿ ಗಂಟಲು ಹರಿದುಕೊಂಡಿದ್ದ ಪೆದ್ದಯ್ಯ ಹೋಟೆಲಿನಲ್ಲಿ ಎದುರಾದವನು ಮುಖ ತಿರುಗಿಸಿ ಎದ್ದು ಹೋದ. ಮಹಾಂತಯ್ಯನವರಿಗೆ ಅವನನ್ನು ಕೂಗಿ ಕರೆದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಬದಲಿಗೆ ಚಹಾದ ದುಡ್ಡಿಟ್ಟು ಊರಿನ ದಾರಿ ಹಿಡಿದರು.

ನಾರ್ವ ಮುಟ್ಟುವ ಹೊತ್ತಿಗೆ ಫೋನು ಬಂತು. ಬಸ್ ಡಿಪೋದ ಮ್ಯಾನೇಜರ್ ಶರಣಬಸವ. ರಾಯಚೂರು ಕಡೆಯ ಕನ್ನಡ ಮನೆತನ, ನೆಟ್ಟನೆಯ ಮನುಷ್ಯ.

“ಸಾಹೇಬ್ರ, ಸುದ್ದಿ ಕೇಳಿ ಬ್ಯಾಸರಾತ್ರಿ. ಇನ್ನೊಂದು ಮಾತು. ಮಂತ್ರಿಗಳು ಬಾಯಿಂದ ಹೇಳ್ಯಾರ, ಕಾಗದ ಹಿಂದಿಂದ ಬರ್ತದ ಅಂತ ಗಾಡಿ ಬಿಟ್ಟೆ. ಇನ್ನಾ ಬಂದಿಲ್ರಿ. ದಿನಾ ತುಂಬಿ ಓಡ್ತದ, ಯಾರೂ ಕೇಳಿಲ್ಲ. ಆದ್ರೂ ಒಮ್ಮೆ ಹೈದರಾಬಾದಿಗೆ ಬರದು ವಿಚಾರಸ್ಲೇನ್ರಿ?”

“ಬ್ಯಾಡ!”

ಅಷ್ಟು ಜೋರಾಗಿ ಅಂದದ್ದಕ್ಕೆ ಮಹಾಂತಯ್ಯನವರೇ ಬೆಚ್ಚಿದರು. ದನಿ ತಗ್ಗಿಸಿದರು. “ಯಾರನ್ನೂ ಏನೂ ಕೇಳಾಕ ಹೋಗಬ್ಯಾಡ್ರಿ. ನಾಳೆ ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ. ನೀವು ಗಾಡಿ ಓಡಸ್ರಿ.”

ಎದುರಿಗೆ ಗದ್ವಾಲದಿಂದ ವಾಪಸ್ಸಾದ ಬಸ್ಸು ಬಂದು ನಿಂತಿತು. ಹಂಪಮ್ಮ ಕಂಬಿ ಹಿಡಿದು ಇಳಿದಳು. ದಣಿದಿದ್ದಳು, ಆದರೆ ಮುಖದಲ್ಲಿ ಬಾವು ಇರಲಿಲ್ಲ. ಕೆಳಗಿಳಿದು ಶಾಸಕರಿಗೆ ಕೈಮುಗಿದಳು. ಸುತ್ತ ನಿಂತವರಲ್ಲಿ ಆ ದಿನ ಅವರಿಗೆ ಕೈಮುಗಿದವಳು ಅವಳೊಬ್ಬಳೇ.

ಬಸ್ಸು ಬರುವ ಹಿಂದಿನ ದಿನ ಸದನದಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದ ಮಹಾಂತಯ್ಯನವರನ್ನು ಮಂತ್ರಿ ಮೇಜು ಕುಟ್ಟಿ ಗದರಿಸಿ ಕೂರಿಸಿದ್ದ: “ಬಸ್! ಚಾಲು!”

ಉರ್ದುವಿನಲ್ಲೊಮ್ಮೆ ‘ಸಾಕು’, ತೆಲುಗಿನಲ್ಲೊಮ್ಮೆ ‘ಸಾಕು’.