ಕಣ್ಣು ಮಿಟುಕಿಸುವಷ್ಟರಲ್ಲಿ

ಗೆಲಾಕ್ಸಿಗಳು ಆಕಾಶದಲ್ಲಿ ಹೇಗೆ ಗುಂಪುಗೂಡುತ್ತವೆಂದು ಲೆಕ್ಕ ಹಾಕಲು ಪ್ರೊಫೆಸರ್ ಬರೆದ ಹಳೆಯ ಪ್ರೋಗ್ರಾಮಿಗೆ ಇಡೀ ದಿನ ಬೇಕಿತ್ತು. ವಾರಿಜಾ ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿತ್ತು. ಹೋಲಿಸಿ ನೋಡಲೆಂದು ಹಳೆಯದರ ಉತ್ತರವನ್ನು ಅವಳು ತನ್ನ ಪ್ರೋಗ್ರಾಮಿನೊಳಗೇ ಇಟ್ಟುಕೊಂಡಿದ್ದಳು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಧ್ಯಾಹ್ನ ಟೆಲಿಸ್ಕೋಪ್ ಯೋಜನೆಯವರು ಬಂದು ಒಪ್ಪಿದರೆ ಅವಳ ತಾತ್ಕಾಲಿಕ ಕೆಲಸ ಕಾಯಂ ಆಗುವುದಿತ್ತು. ಪ್ರೊಫೆಸರ್ ಮಾತ್ರ ಅವಳ ಪ್ರೋಗ್ರಾಮು ಸರಿಯಿದೆಯೆಂಬ ಪತ್ರಕ್ಕೆ ಸಹಿ ಹಾಕದೆ ಕೂತಿದ್ದರು.

"ಕೊನೇ ಅಂಕಿವರೆಗೂ ಒಂದೇ ಬಂತೇನಮ್ಮ?"

"ಹೌದು ಸರ್. ಮತ್ತೆ ಮತ್ತೆ ನೋಡಿದೀನಿ."

"ಬೇರೆ ಬೇರೆ ದಾರೀಲಿ ಬಂದ ಇಬ್ಬರ ಕಾಲಿಗೆ ಒಂದೇ ಧೂಳು ಮೆತ್ತಿಕೊಳ್ಳುತ್ತಾ?"

ತಮ್ಮ ಪ್ರೋಗ್ರಾಮು ಮೂಲೆ ಸೇರುತ್ತದೆಂಬ ಹೊಟ್ಟೆಕಿಚ್ಚು ಇದು ಎಂದುಕೊಂಡಳು ವಾರಿಜಾ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಇನ್ನೇನು ಮಾಡಿ ತೋರಿಸಲಿ ಸರ್? ನೀವೇ ಹೇಳಿ."

"ವಿಶ್ವದಲ್ಲಿರೋ ದ್ರವ್ಯವನ್ನೆಲ್ಲ ಸೊನ್ನೆ ಮಾಡಿ ಓಡಿಸು."

ಅವಳಿಗೆ ನಗು ಬಂತು. "ದ್ರವ್ಯವೇ ಇಲ್ಲದಿದ್ರೆ ಗೆಲಾಕ್ಸಿಗಳು ಎಲ್ಲಿಂದ ಬರ್ತವೆ ಸರ್? ಪರದೆ ಖಾಲಿ ಇರುತ್ತೆ, ಅಷ್ಟೆ."

"ಇರಲಿ. ಖಾಲಿ ಪರದೆ ತೋರಿಸು, ಸಹಿ ಹಾಕ್ತೀನಿ." ಅವರು ಪೆನ್ನಿನ ಮುಚ್ಚಳ ತೆಗೆದರು.

ವಾರಿಜಾ ಸೊನ್ನೆ ಒತ್ತಿ ಪ್ರೋಗ್ರಾಮು ಓಡಿಸಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ, ಏನೂ ಇಲ್ಲದ ಆ ವಿಶ್ವದಲ್ಲಿ, ಹೋಲಿಸಲೆಂದು ಅವಳು ಒಳಗಿಟ್ಟಿದ್ದ ಪ್ರೊಫೆಸರರ ಹಳೆಯ ಗೆಲಾಕ್ಸಿಗಳೇ ಒಂದೂ ಕಡಿಮೆಯಾಗದೆ ಗುಂಪುಗೂಡಿ ನಿಂತಿದ್ದವು.